ಅಂಗನವಾಡಿ ಟೀಚರಿಗೆ ಪಾಠದ ಹೊತ್ತು ಸಿಗುವುದೆಂದು? ಎಲ್‌ಕೆಜಿ–ಯುಕೆಜಿ ವಿವಾದದ ಒಂದು ಪ್ರಕರಣ ಅಧ್ಯಯನ

2024ರ ಜೂನ್‌ನಲ್ಲಿ ಶಾಲೆಗಳು ತೆರೆದ ಬೆನ್ನಿಗೇ ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಬೀದಿಗಿಳಿದರು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್‌ಕೆಜಿ ಮತ್ತು ಯುಕೆಜಿ ತರಗತಿಗಳನ್ನು ತೆರೆಯಬೇಕೆಂಬ ಶಾಲಾ ಶಿಕ್ಷಣ ಇಲಾಖೆಯ ನಿರ್ಧಾರ ಅದಕ್ಕೆ ಕಾರಣವಾಗಿತ್ತು. ಕಲ್ಯಾಣ ಕರ್ನಾಟಕದಲ್ಲಿ ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮದಡಿ, ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ, ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಈ ತರಗತಿಗಳು ಶುರುವಾಗಲಿದ್ದವು. ನಾಲ್ಕು ವರ್ಷದ ಮಗು ಶಾಲೆಯ ಎಲ್‌ಕೆಜಿಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು, ಮಕ್ಕಳೇ ಇಲ್ಲದ ಕೇಂದ್ರಕ್ಕೆ ಕಾರ್ಯಕರ್ತೆ ಯಾಕೆ ಎಂಬ ಪ್ರಶ್ನೆ ನಾಳೆ ಬಾರದೇ ಇರುತ್ತದೆಯೇ ಎಂಬುದು ಅವರ ಆತಂಕ. ‘ಎಲ್‌ಕೆಜಿ, ಯುಕೆಜಿ ನಮ್ಮಲ್ಲೇ ಆಗಲಿ, ಪಾಠ ನಾವೇ ಮಾಡುತ್ತೇವೆ’ ಎಂಬುದು ಅವರ ಬೇಡಿಕೆ.

ಹೊರಗಿನಿಂದ ನೋಡಿದವರಿಗೆ ಇದು ಎರಡು ಇಲಾಖೆಗಳ ನಡುವಿನ ಹಗ್ಗಜಗ್ಗಾಟದಂತೆ ಕಂಡಿತು. ಒಂದು ಕಡೆ ಶಾಲಾ ಶಿಕ್ಷಣ ಇಲಾಖೆ, ಇನ್ನೊಂದು ಕಡೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಮಕ್ಕಳು ಯಾರ ಹಾಜರಿ ಪುಸ್ತಕದಲ್ಲಿರಬೇಕು ಎಂಬ ಜಗಳ. ನನಗೆ ಹಾಗೆ ಕಾಣಲಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಅವರನ್ನು ನಾವು ಶಿಕ್ಷಕಿಯೆಂದು ಒಪ್ಪುತ್ತೇವೆಯೇ, ಒಪ್ಪುವುದಾದರೆ ಪಾಠ ಮಾಡುವಷ್ಟು ಹೊತ್ತನ್ನು ಅವರಿಗೆ ಉಳಿಸಿಕೊಡುತ್ತೇವೆಯೇ ಎಂಬ ಪ್ರಶ್ನೆಗಳು ಆ ಪ್ರತಿಭಟನೆಯ ಒಳಗಿದ್ದವು. ಮೊದಲೆರಡು ಪ್ರಶ್ನೆಗಳ ಬಗ್ಗೆ ಸಾಕಷ್ಟು ಮಾತು ನಡೆದಿದೆ. ಮೂರನೆಯದರ ಬಗ್ಗೆ ನಡೆದಿಲ್ಲ. ಈ ಅಧ್ಯಯನ ಮುಖ್ಯವಾಗಿ ಅದನ್ನೇ ಕುರಿತದ್ದು.

ಹಿನ್ನೆಲೆ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಪ್ರಯೋಗಕ್ಕೆಂದು ಆರಿಸಿದ ತಾಲ್ಲೂಕು–ಬ್ಲಾಕುಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿದ್ದರೆ ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚಿವೆ. ಆರು ಸೇವೆಗಳನ್ನು ಕೊಡುವುದು ಈ ಕೇಂದ್ರಗಳ ಹೊಣೆ: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಕೊನೆಯ ಮೂರಕ್ಕೆ ಆರೋಗ್ಯ ಇಲಾಖೆಯ ಕೈಯೂ ಇದೆ. ಉಳಿದದ್ದೆಲ್ಲ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಮೇಲೆ.

ಈ ಆರು ಸೇವೆಗಳ ಮೇಲೆ ವರ್ಷ ವರ್ಷವೂ ಹೊಸ ಹೊರೆ ಬಂದು ಕೂತಿದೆ. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟುವ, ಅವುಗಳ ಲೆಕ್ಕಕ್ಕೆ ಒತ್ತಾಸೆಯಾಗುವ ಕೆಲಸ ಕಾರ್ಯಕರ್ತೆಗೆ ಬಂತು. 2006ರಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳಿಗಾಗಿ ಭಾಗ್ಯಲಕ್ಷ್ಮಿ ಯೋಜನೆ ಬಂತು, ಅರ್ಜಿ ತುಂಬಿಸುವವರೂ ದಾಖಲೆ ಹೊಂದಿಸುವವರೂ ಅವರೇ ಆದರು. 2013ರಲ್ಲಿ ಕ್ಷೀರಭಾಗ್ಯದ ಹಾಲು ಕಾಯಿಸುವುದು, 2017ರಲ್ಲಿ ಮಾತೃಪೂರ್ಣದಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಕೇಂದ್ರದಲ್ಲೇ ಬಿಸಿಯೂಟ ಬಡಿಸುವುದು ಸೇರಿದವು. 2021ರಿಂದ ಕೇಂದ್ರದ ದಿನದಿನದ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್. ಚುನಾವಣೆ ಬಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸ, ಸಮೀಕ್ಷೆ ಬಂದರೆ ಮನೆ ಮನೆ ಸುತ್ತಾಟ. ಇವುಗಳಲ್ಲಿ ಯಾವುದೂ ಬೇಡದ ಕೆಲಸವಲ್ಲ. ಬಾಣಂತಿಗೆ ಬಿಸಿ ಊಟ ಬೇಡ ಎನ್ನುವ ಮನಸ್ಸು ಯಾರಿಗೂ ಬಾರದು. ಆದರೆ ಒಂದೊಂದು ಯೋಜನೆ ಬಂದಾಗಲೂ ಅದಕ್ಕೆ ಬೇಕಾದ ಅಕ್ಕಿ, ಬೇಳೆ, ಹಾಲಿನ ಪುಡಿ, ಫಾರಂ, ಫೋನು ಎಲ್ಲವನ್ನೂ ಲೆಕ್ಕ ಹಾಕಿದವರು, ಅದಕ್ಕೆ ಬೇಕಾದ ಹೊತ್ತನ್ನು ಎಲ್ಲಿಂದ ತರಬೇಕೆಂದು ಲೆಕ್ಕ ಹಾಕಲಿಲ್ಲ. ಆ ಹೊತ್ತು ಬಂದದ್ದು ಶಾಲಾಪೂರ್ವ ಶಿಕ್ಷಣದ ಪಾಲಿನಿಂದ.

ಅದಕ್ಕೆ ಸರಳ ಕಾರಣವೊಂದಿದೆ. ಹಾಲು ಕಾಯಿಸದಿದ್ದರೆ ಮಕ್ಕಳು ಕೇಳುತ್ತಾರೆ, ಮನೆಗೆ ಕೊಡುವ ಪೌಷ್ಟಿಕ ಆಹಾರವಾದ ‘ಪುಷ್ಟಿ’ ಹಂಚದಿದ್ದರೆ ತಾಯಂದಿರು ಕೇಳುತ್ತಾರೆ, ಆ್ಯಪ್‌ನಲ್ಲಿ ತುಂಬದಿದ್ದರೆ ಮೇಲ್ವಿಚಾರಕಿ ಕೇಳುತ್ತಾರೆ. ಇವತ್ತು ಕಥೆ ಹೇಳಲಿಲ್ಲವೇಕೆ ಎಂದು ಕೇಳುವವರು ಯಾರೂ ಇಲ್ಲ.

ಒಂದು ಕೇಂದ್ರದ ಒಂದು ಬೆಳಗ್ಗೆ

2025ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ನಾನು ಒಂದು ಇಡೀ ಬೆಳಗ್ಗೆ ಕೂತಿದ್ದೆ. ಊರಿನ ಹೆಸರನ್ನೂ ಟೀಚರ ಹೆಸರನ್ನೂ ಹೇಳುವ ಅಗತ್ಯವಿಲ್ಲ. ಒಂದೇ ಕೋಣೆ, ಪಕ್ಕದಲ್ಲಿ ಸಣ್ಣ ಅಡುಗೆಮನೆ, ಹಿಂದೆ ಬಚ್ಚಲು. ಗೋಡೆಯ ಮೇಲೆ ಹಣ್ಣು, ಪ್ರಾಣಿ, ವಾರದ ದಿನಗಳ ಚಿತ್ರ. ಮೂಲೆಯಲ್ಲಿ ತೂಕದ ಯಂತ್ರ, ಪಕ್ಕದಲ್ಲಿ ಎತ್ತರ ಅಳೆಯುವ ಪಟ್ಟಿ. ಮಕ್ಕಳು ಚಾಪೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಕೂತಿದ್ದರು. ಟೀಚರ್ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದರು. ಮಳೆ ಬಂದು ಕಾಗಕ್ಕನ ಸಗಣಿಯ ಮನೆ ಕೊಚ್ಚಿ ಹೋಗುತ್ತದೆ, ಅದು ಗುಬ್ಬಕ್ಕನ ಬಾಗಿಲು ತಟ್ಟುತ್ತದೆ, ಗುಬ್ಬಕ್ಕ ಒಳಗಿನಿಂದ ‘ತಾಳು, ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ’ ಎನ್ನುತ್ತದೆ.

ಆ ಟೀಚರ್ ಕಥೆ ಹೇಳುವುದನ್ನು ನೋಡಬೇಕಿತ್ತು. ಬಾಗಿಲು ತಟ್ಟುವ ಸದ್ದಿಗೆ ಮಕ್ಕಳೆಲ್ಲ ನೆಲವನ್ನು ತಟ್ಟಬೇಕು. ಗುಬ್ಬಕ್ಕನ ಉತ್ತರವನ್ನು ಪ್ರತಿ ಸಲ ಬೇರೆ ಮಗು ಹೇಳಬೇಕು. ‘ಗುಬ್ಬಕ್ಕ ಈಗ ಏನು ಮಾಡ್ತಿರಬಹುದು?’ ಎಂದು ಕೇಳಿದಾಗ ಒಬ್ಬಳು ‘ತಲೆ ಬಾಚ್ತಿದೆ’ ಎಂದಳು, ಇನ್ನೊಬ್ಬ ‘ಮೊಬೈಲ್ ನೋಡ್ತಿದೆ’ ಎಂದ. ಮಾತು ಕಡಿಮೆಯ ಒಬ್ಬ ಹುಡುಗ, ಮೂರೂವರೆ ವರ್ಷದವನಿರಬೇಕು, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಟೀಚರ್ ಅವನತ್ತ ಬಾಗಿ, ಅವಸರ ಮಾಡದೆ, ಅವನ ಮುಖವನ್ನೇ ನೋಡುತ್ತ ಕಾದರು. ಅವನ ತುಟಿ ಅಲುಗಿತು.

ಅಷ್ಟರಲ್ಲಿ ಬಾಗಿಲಲ್ಲಿ ಮೂವರು ತಾಯಂದಿರು ಬಂದು ನಿಂತರು. ಆ ವರ್ಷದ ಜುಲೈ 1ರಿಂದ ಮನೆಗೆ ಕೊಂಡೊಯ್ಯುವ ಆಹಾರವನ್ನು ಹಂಚಬೇಕಾದರೆ ಫಲಾನುಭವಿಯ ಮುಖವನ್ನು ಫೋನಿನ ಕ್ಯಾಮೆರಾದಲ್ಲಿ ಗುರುತಿಸಲೇಬೇಕೆಂಬ ನಿಯಮ ಬಂದಿತ್ತು. ತಾಯಂದಿರು ಕೂಲಿಗೆ ಹೋಗುವ ದಾರಿಯಲ್ಲಿದ್ದರು, ಅವರನ್ನು ಕಾಯಿಸುವ ಹಾಗಿಲ್ಲ. ಟೀಚರ್ ಎದ್ದು ಹೊರಗೆ ಹೋದರು. ಮೊದಲನೆಯ ತಾಯಿಯ ಮುಖವನ್ನು ಫೋನು ಒಪ್ಪಿತು. ಎರಡನೆಯವರಿಗೆ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಓಡಾಡಬೇಕಾಯಿತು. ಮೂರನೆಯವರ ಸರದಿ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಸಹಾಯಕಿ ಒಲೆಯ ಮೇಲಿನ ಹಾಲನ್ನು ಬಿಟ್ಟು ಬರುವಂತಿರಲಿಲ್ಲ. ಕೋಣೆಯೊಳಗೆ ಮಕ್ಕಳು ಸ್ವಲ್ಪ ಹೊತ್ತು ನೆಲ ತಟ್ಟಿದರು, ಆಮೇಲೆ ಒಬ್ಬರನ್ನೊಬ್ಬರು ತಳ್ಳಲು ಶುರು ಮಾಡಿದರು. ಟೀಚರ್ ಒಳಗೆ ಬಂದಾಗ ಒಬ್ಬಳು ಅಳುತ್ತಿದ್ದಳು, ಇಬ್ಬರು ಹೊರಗೆ ಓಡಿದ್ದರು, ಹಾಲು ಬಂದಿತ್ತು. ಕಥೆ ಅಲ್ಲಿಗೇ ನಿಂತಿತು. ಆ ಹುಡುಗ ಏನು ಹೇಳಲಿದ್ದನೋ ಅದನ್ನು ಆ ದಿನ ಯಾರೂ ಕೇಳಲಿಲ್ಲ.

ನಾನು ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ಸಭೆಗಳಲ್ಲಿ, ವರದಿಗಳಲ್ಲಿ ‘ಅಂಗನವಾಡಿಯಲ್ಲಿ ಕಲಿಕೆಯ ಗುಣಮಟ್ಟ ಸಾಲದು, ಕಾರ್ಯಕರ್ತೆಯರಿಗೆ ತರಬೇತಿ ಬೇಕು’ ಎಂಬ ಮಾತು ಪದೇ ಪದೇ ಬರುತ್ತದೆ. ಈ ಟೀಚರಿಗೆ ಏನು ಗೊತ್ತಿಲ್ಲ? ಮಗುವನ್ನು ಮಾತಿಗೆ ಎಳೆಯುವುದು ಗೊತ್ತಿದೆ, ಕಾಯುವುದು ಗೊತ್ತಿದೆ. ತರಬೇತಿಯಲ್ಲಿ ಹೇಳಿಕೊಡುವ ಬಹುಪಾಲು ಸಂಗತಿಗಳನ್ನು ಅವರು ಆ ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದ್ದರು. ಅವರಲ್ಲಿ ಇಲ್ಲದ್ದು ಹನ್ನೊಂದನೆಯ ನಿಮಿಷ.

ಹೆಸರು ಮತ್ತು ಹಕ್ಕು

ಊರಿನವರು ಅವರನ್ನು ‘ಟೀಚರ್’ ಎಂದೇ ಕರೆಯುತ್ತಾರೆ. ಸರ್ಕಾರದ ಕಡತದಲ್ಲಿ ಅವರು ‘ಗೌರವಸೇವೆ’ಯ ಕಾರ್ಯಕರ್ತೆ, ಅವರು ಪಡೆಯುವುದು ಸಂಬಳವಲ್ಲ, ‘ಗೌರವಧನ’. ಈ ಎರಡು ಪದಗಳ ನಡುವಿನ ಅಂತರ ನ್ಯಾಯಾಲಯದವರೆಗೆ ಹೋಗಿದೆ. ಕರ್ನಾಟಕ ರಾಜ್ಯ ಕಕ್ಷಿದಾರನಾಗಿದ್ದ ಒಂದು ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದು ಹೇಳಿತು. ಹಾಗಾಗಿ ಸೇವಾ ವಿಷಯಗಳಿಗೆ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗೆ ಮುಚ್ಚಿತು. ಹದಿನೈದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಬಂದ ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅವರ ಪೀಠ ಬೇರೊಂದು ದಾರಿ ತೆರೆಯಿತು. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಇಡಿಗಂಟು ಕೊಡಿಸುವ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ, ಗೌರವಧನವೆಂದು ಕರೆದರೂ ಅದು ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ಆ ತೀರ್ಪು ಹೇಳಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣದ ಬಗ್ಗೆ ಮಾತಾಡುತ್ತದೆ, ಆ ಕೆಲಸ ನಡೆಯುತ್ತಿರುವುದು ಅಂಗನವಾಡಿಗಳಲ್ಲೇ ಎಂಬುದನ್ನೂ ನ್ಯಾಯಾಲಯ ಗಮನಿಸಿತು.

ತೀರ್ಪು ಬಂದ ಮಾತ್ರಕ್ಕೆ ಹಣ ಕೈಗೆ ಬರಲಿಲ್ಲ. 2023ರ ಜನವರಿ ಕೊನೆಯ ವಾರದಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಬಂದ ಹೆಂಗಸರು ಚಳಿಯಲ್ಲಿ ರಾತ್ರಿಗಳನ್ನು ಕಳೆದರು. ಗ್ರಾಚ್ಯುಟಿ ಜಾರಿಯಾಗಬೇಕು, ತಮ್ಮನ್ನು ಶಿಕ್ಷಕಿಯರೆಂದು ಕರೆಯಬೇಕು ಎಂಬುದು ಆ ಧರಣಿಯ ಮುಖ್ಯ ಬೇಡಿಕೆಗಳಾಗಿದ್ದವು. ಅದಕ್ಕೂ ಮೊದಲು, 2017ರ ಮಾರ್ಚ್‌ನಲ್ಲಿ, ಗೌರವಧನ ಹೆಚ್ಚಳಕ್ಕಾಗಿ ಸಾವಿರಾರು ಮಂದಿ ರಾಜಧಾನಿಯ ರಸ್ತೆಯಲ್ಲೇ ಹಗಲಿರುಳು ಕೂತಿದ್ದು ಅನೇಕರಿಗೆ ನೆನಪಿರಬಹುದು. ಕೆಲವರ ಮಡಿಲಲ್ಲಿ ಸ್ವಂತ ಕೂಸುಗಳಿದ್ದವು. ಊರಿನ ಮಕ್ಕಳನ್ನು ನೋಡಿಕೊಳ್ಳುವ ತಾಯಿಗೆ ತನ್ನ ಕೂಸನ್ನು ಬಿಟ್ಟುಬರಲು ಜಾಗವಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಹಿಂಡುತ್ತದೆ.

ಗೌರವಧನದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಯರಿಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಯರಿಗೆ 2,250 ರೂಪಾಯಿ ಎಂದು ನಿಗದಿ ಮಾಡಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕ 2022ರ ಬಜೆಟ್‌ನಲ್ಲಿ ಸೇವೆಯ ವರ್ಷಗಳನ್ನು ನೋಡಿ ಹೆಚ್ಚಳ ಕೊಟ್ಟಿತು: 20 ವರ್ಷ ದಾಟಿದವರಿಗೆ 1,500, 10ರಿಂದ 20 ವರ್ಷದವರಿಗೆ 1,250, ಉಳಿದವರಿಗೆ 1,000 ರೂಪಾಯಿ. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿತು. ಇವುಗಳಲ್ಲಿ 2022ರ ಕ್ರಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೊತ್ತ ದೊಡ್ಡದೆಂದಲ್ಲ, ಈ ಕೆಲಸದಲ್ಲಿ ಅನುಭವ ಎಂಬುದೊಂದಿದೆ, ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದವರಿಗೆ ನಿನ್ನೆ ಸೇರಿದವರಿಗಿಂತ ಹೆಚ್ಚು ಗೊತ್ತಿರುತ್ತದೆ ಎಂಬುದನ್ನು ಅದು ಒಪ್ಪಿಕೊಂಡಿತು.

ತರಬೇತಿಯ ದಾರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಗನವಾಡಿ ಕಾರ್ಯಕರ್ತೆಯರ ಬಗ್ಗೆ ಸ್ಪಷ್ಟವಾದ ಒಂದು ಯೋಜನೆಯನ್ನು ಮುಂದಿಟ್ಟಿತು. ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಕೆಲಸಕ್ಕೆ ಅಡ್ಡಿಯಾಗದಂತೆ ಡಿಟಿಎಚ್ ಮತ್ತು ಸ್ಮಾರ್ಟ್‌ಫೋನ್ ಮೂಲಕ ಓದು, ತಿಂಗಳಿಗೊಮ್ಮೆಯಾದರೂ ಮುಖಾಮುಖಿ ತರಗತಿ. 2022ರ ಅಕ್ಟೋಬರ್‌ನಲ್ಲಿ ಮೂರರಿಂದ ಎಂಟು ವರ್ಷದವರೆಗಿನ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. 2023ರ ಮೇನಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಕೇಂದ್ರ ಕಾರ್ಯಕ್ರಮ ಶುರುವಾಯಿತು, ಅದರಡಿ ಮೂರರಿಂದ ಆರು ವರ್ಷದ ಮಕ್ಕಳಿಗೆ ‘ಆಧಾರಶಿಲಾ’, ಮೂರು ವರ್ಷದೊಳಗಿನವರಿಗೆ ‘ನವಚೇತನಾ’ ಎಂಬ ಮಾರ್ಗದರ್ಶಿಗಳು ಬಂದವು. ಕರ್ನಾಟಕಕ್ಕೆ ಇದು ತೀರಾ ಹೊಸದೇನಲ್ಲ. ಇಲ್ಲಿನ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕ ಮೊದಲೇ ಬಳಕೆಯಲ್ಲಿದೆ, ಹಳೆಯ ಟೀಚರುಗಳು ಅದರ ಚಟುವಟಿಕೆಗಳನ್ನು ಪುಸ್ತಕ ತೆರೆಯದೆಯೇ ನಡೆಸುತ್ತಾರೆ.

ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ಭಾಷೆ ತಡವಾಗುತ್ತಿರುವ ಮಗುವನ್ನು ಗುರುತಿಸುವುದು, ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಗುವಿಗೆ ಕನ್ನಡದ ಕೋಣೆಯಲ್ಲಿ ನೆಲೆ ಕಲ್ಪಿಸುವುದು, ಅಂಗವೈಕಲ್ಯವಿರುವ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳುವುದು ಇವೆಲ್ಲ ಕಲಿತು ಬರಬೇಕಾದ ವಿದ್ಯೆಗಳು. ಮೂರು ದಿನದ ತರಬೇತಿಯಲ್ಲಿ ಅವು ಬರುವುದಿಲ್ಲ. ಒಬ್ಬ ಮೇಲ್ವಿಚಾರಕಿಯ ವ್ಯಾಪ್ತಿಯ ಟೀಚರುಗಳೆಲ್ಲ ತಿಂಗಳಿಗೊಮ್ಮೆ ಸೇರುವ ವೃತ್ತ ಸಭೆಯಾದರೂ ಇಂಥ ಕಲಿಕೆಗೆ ವೇದಿಕೆಯಾಗಬಹುದಿತ್ತು. ನಾನು ಕೂತು ನೋಡಿದ ಸಭೆಗಳಲ್ಲಿ ಹೆಚ್ಚಿನ ಹೊತ್ತು ಹೋದದ್ದು ಆ್ಯಪ್‌ನಲ್ಲಿ ಬಾಕಿ ಉಳಿದ ನಮೂದುಗಳನ್ನು ಸರಿಮಾಡುವುದಕ್ಕೆ. ಮೇಲ್ವಿಚಾರಕಿಯೊಬ್ಬರು ಕೇಂದ್ರಕ್ಕೆ ಬಂದಾಗ ಅರ್ಧ ಗಂಟೆ ಚಾಪೆಯ ಮೇಲೆ ಕೂತು ಪಾಠವನ್ನು ನೋಡಿ, ಆಮೇಲೆ ಅದರ ಬಗ್ಗೆ ಎರಡು ಮಾತಾಡಿದರೆ ಅದಕ್ಕಿಂತ ಒಳ್ಳೆಯ ತರಬೇತಿ ಇನ್ನೊಂದಿಲ್ಲ. ಆದರೆ ಅವರ ಕೈಗೂ ಒಂದು ತಪಾಸಣಾ ಪಟ್ಟಿಯನ್ನು ಕೊಟ್ಟು ಕಳಿಸಲಾಗಿರುತ್ತದೆ.

ಸಹಾಯಕಿ ಎಂಬ ಎರಡನೆಯ ಶಿಕ್ಷಕಿ

ಈ ಎಲ್ಲ ಚರ್ಚೆಯಲ್ಲಿ ಹೆಚ್ಚು ಮರೆತುಹೋಗುವವರು ಸಹಾಯಕಿಯರು. ಬೆಳಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವವರು, ಕೋಣೆ ಗುಡಿಸುವವರು, ಅಡುಗೆ ಮಾಡುವವರು, ಚಡ್ಡಿ ಒದ್ದೆ ಮಾಡಿಕೊಂಡವನನ್ನು ತೊಳೆಯುವವರು ಅವರೇ. ಇದನ್ನು ಕೈಗೆಲಸವೆಂದು, ಕಾರ್ಯಕರ್ತೆ ಮಾಡುವುದನ್ನು ಶಿಕ್ಷಣವೆಂದು ಬೇರ್ಪಡಿಸುವುದು ಮೂರು ವರ್ಷದ ಮಗುವಿನ ವಿಷಯದಲ್ಲಿ ದೊಡ್ಡ ತಪ್ಪು. ಆ ವಯಸ್ಸಿನಲ್ಲಿ ಮಗು ಮಾತು ಕಲಿಯುವುದು ಚಾರ್ಟಿನ ಮುಂದೆ ಮಾತ್ರವಲ್ಲ. ಕೈ ತೊಳೆಸುವಾಗ ‘ಬೆರಳು ಬಿಡಿಸು, ಹೆಬ್ಬೆರಳು ಎಲ್ಲಿ?’ ಎಂದು ಕೇಳುವವರಿಂದ ಕಲಿಯುತ್ತದೆ. ತಟ್ಟೆ ಮುಂದಿಟ್ಟು ‘ಇನ್ನೆಷ್ಟು ತುತ್ತು, ಎಣಿಸೋಣ’ ಎನ್ನುವವರಿಂದ ಎಣಿಕೆ ಕಲಿಯುತ್ತದೆ. ನಾನು ಹೋಗಿದ್ದ ಕೇಂದ್ರದಲ್ಲಿ ಅಳುತ್ತ ಬಂದ ಮಗು ಮೊದಲು ಓಡಿ ಹೋದದ್ದು ಸಹಾಯಕಿಯ ಸೆರಗಿಗೆ.

ಆದರೂ ಸಹಾಯಕಿಗೆ ಶಾಲಾಪೂರ್ವ ಶಿಕ್ಷಣದ ತರಬೇತಿ ಹೆಸರಿಗಷ್ಟೇ, ಕೇಂದ್ರ ಸರ್ಕಾರದ ಗೌರವಧನ ಕಾರ್ಯಕರ್ತೆಯರದರ ಅರ್ಧ. ಸಹಾಯಕಿ ಹುದ್ದೆ ಖಾಲಿ ಬಿದ್ದರೆ ಅಡುಗೆಯೂ ಟೀಚರ ಪಾಲಿಗೆ ಬರುತ್ತದೆ, ಅಲ್ಲಿಗೆ ಆ ದಿನದ ಪಾಠ ಮುಗಿಯಿತು. ಓದಿಕೊಂಡ ಸಹಾಯಕಿಯರು ಕಾರ್ಯಕರ್ತೆಯರಾಗುವ ದಾರಿಯನ್ನು ಅಗಲ ಮಾಡುವುದು, ಸಹಾಯಕಿ ಹುದ್ದೆಯನ್ನು ಒಂದು ತಿಂಗಳೂ ಖಾಲಿ ಬಿಡದಿರುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಬಾಬತ್ತಲ್ಲ.

ಪಕ್ಕದ ರಾಜ್ಯದ ಎರಡು ಅನುಭವ

ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದ ಎರಡು ಪ್ರಯೋಗಗಳು ತಮಿಳುನಾಡಿನಲ್ಲಿ ನಡೆದಿವೆ. 2019ರ ಆರಂಭದಲ್ಲಿ ಅಲ್ಲಿನ ಸರ್ಕಾರ ಶಾಲಾ ಆವರಣದಲ್ಲಿದ್ದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದು, ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಅಲ್ಲಿಗೆ ನಿಯೋಜಿಸಿತು. ದೊಡ್ಡ ಮಕ್ಕಳಿಗೆ ಪಾಠ ಮಾಡಲು ತರಬೇತಿ ಪಡೆದ ಶಿಕ್ಷಕರಲ್ಲಿ ಅನೇಕರು ಇದನ್ನು ಹಿಂಬಡ್ತಿಯೆಂದು ಬಗೆದು ವಿರೋಧಿಸಿದರು, ಕೆಲವರು ನ್ಯಾಯಾಲಯಕ್ಕೂ ಹೋದರು. ಹೆಚ್ಚು ಓದಿದವರನ್ನು ಹೊರಗಿನಿಂದ ತಂದು ಕೂರಿಸಿದರೆ ಸಣ್ಣ ಮಕ್ಕಳ ಕಲಿಕೆ ತಾನಾಗಿ ಸುಧಾರಿಸುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಇನ್ನೊಂದು ಪ್ರಯೋಗ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದುದು. ಅಲೆಹಾಂಡ್ರೊ ಗಾನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ತಮಿಳುನಾಡಿನ ನಾಲ್ಕು ಜಿಲ್ಲೆಗಳ 320 ಅಂಗನವಾಡಿಗಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅವುಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ ಕೆಲವು ಕೇಂದ್ರಗಳಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಿಸಿದರು. ಅರ್ಧ ದಿನದ ಕೆಲಸ, ಶಾಲಾಪೂರ್ವ ಶಿಕ್ಷಣವೊಂದೇ ಅವರ ಹೊಣೆ. ಕಟ್ಟಡ ಅದೇ, ಆಹಾರ ಅದೇ. ಫಲಿತಾಂಶವೇನೆಂದರೆ ಮಕ್ಕಳಿಗೆ ಸಿಕ್ಕ ಪಾಠದ ಹೊತ್ತು ಇಮ್ಮಡಿಯಾಯಿತು. ಹದಿನೆಂಟು ತಿಂಗಳ ನಂತರ ಗಣಿತ ಮತ್ತು ಭಾಷೆ ಎರಡರಲ್ಲೂ ಆ ಕೇಂದ್ರಗಳ ಮಕ್ಕಳು ಗಮನಾರ್ಹವಾಗಿ ಮುಂದಿದ್ದರು. ಮೊದಲಿನ ಕಾರ್ಯಕರ್ತೆಗೆ ಆಹಾರ ಮತ್ತು ಆರೋಗ್ಯದ ಕೆಲಸಕ್ಕೆ ಹೆಚ್ಚು ಹೊತ್ತು ಸಿಕ್ಕಿದ್ದರಿಂದ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾದವು. ಪಾಠವೋ ಪೋಷಣೆಯೋ ಎಂದು ಆರಿಸಿಕೊಳ್ಳಬೇಕಾದ ಪ್ರಮೇಯವೇ ಬರಲಿಲ್ಲ. ಒಬ್ಬರು ಎರಡು ಕೆಲಸಗಳ ನಡುವೆ ಹರಿದು ಹಂಚಿ ಹೋಗುವುದು ತಪ್ಪಿದೊಡನೆ ಎರಡೂ ಸುಧಾರಿಸಿದವು.

ಆ ಬೆಳಗ್ಗೆ ಕಥೆ ಅರ್ಧಕ್ಕೆ ನಿಂತ ಕೋಣೆಗೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ವಿವಾದದ ನಂತರ

2024ರ ಪ್ರತಿಭಟನೆಗೆ ಸರ್ಕಾರ ಸ್ಪಂದಿಸಿತು. ಅದೇ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ಗಳಾಗಿ ಮೇಲ್ದರ್ಜೆಗೇರಿಸುವ ಕಾರ್ಯಕ್ರಮ ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆಯರಲ್ಲಿ ಪದವೀಧರರಿದ್ದಾರೆ, ಸ್ನಾತಕೋತ್ತರ ಪದವಿ ಪಡೆದವರೂ ಇದ್ದಾರೆ, ಎಲ್‌ಕೆಜಿ–ಯುಕೆಜಿ ನಡೆಸಲು ಅವರು ಸಮರ್ಥರು ಎಂಬ ವಾದಕ್ಕೆ ಮನ್ನಣೆ ಸಿಕ್ಕಿತು. ಇದು ಅವರ ಹೋರಾಟಕ್ಕೆ ಸಂದ ಜಯ. ಅವರು ಅದಕ್ಕೆ ಅರ್ಹರು.

ಆದರೆ ಮಾಂಟೆಸ್ಸರಿ ಎಂಬ ಹೆಸರನ್ನು ಬೋರ್ಡಿನ ಮೇಲೆ ಬರೆದವರು ಆ ಹೆಸರಿನ ಹಿಂದಿರುವ ವಿಚಾರವನ್ನೂ ಒಳಗೆ ತರಬೇಕು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದವರು. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು, ಅಡ್ಯಾರ್ ಮತ್ತು ಕೊಡೈಕನಾಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಮಣಿಗಳು, ಮರದ ತುಂಡುಗಳು, ಉಪ್ಪುಕಾಗದದ ಅಕ್ಷರಗಳು ಆ ಪದ್ಧತಿಯ ಹೊರಮೈ. ಅದರ ಒಳತಿರುಳು, ಮಗು ತಾನು ಆರಿಸಿಕೊಂಡ ಕೆಲಸದಲ್ಲಿ ಮುಳುಗಿರುವಾಗ ಯಾರೂ ಅದನ್ನು ತಡೆಯದ ದೀರ್ಘ ಹೊತ್ತು, ಮತ್ತು ಆ ಹೊತ್ತಿನಲ್ಲಿ ಮಗುವನ್ನು ಗಮನಿಸುತ್ತ ಕೂರುವ ಹಿರಿಯರೊಬ್ಬರು. ಬಾಗಿಲಲ್ಲಿ ತಾಯಂದಿರ ಮುಖ ಗುರುತಿಸುತ್ತ ನಿಂತಿರುವ ಟೀಚರಿಗೆ ಆ ಗಮನ ಎಲ್ಲಿಂದ ಬರಬೇಕು? ಮೇಲ್ದರ್ಜೆಗೇರಿಸುವುದೆಂದರೆ ಗೋಡೆಗೆ ಬಣ್ಣ, ಹೊಸ ಮೇಜು, ಸಮವಸ್ತ್ರ ಎಂದಷ್ಟೇ ಆಗಿ, ಎರಡನೆಯ ವ್ಯಕ್ತಿ ಬಾರದೇ ಹೋದರೆ, ಹಳೆಯ ಹೊರೆಯ ಮೇಲೆ ಇಂಗ್ಲಿಷ್ ವರ್ಣಮಾಲೆಯ ಹೊರೆಯೊಂದು ಸೇರಿದಂತಾಗುತ್ತದೆ.

ಹೊತ್ತಿನ ಪ್ರಶ್ನೆ ಮುಂದೆ ಇನ್ನಷ್ಟು ಬಿಗಿಯಾಗಲಿದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ 2022ರಲ್ಲಿ ಆದೇಶ ಮಾಡಿತು. 2025–26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿತು. ನಿಯಮ ಪೂರ್ತಿ ಜಾರಿಯಾದಂತೆ ಐದು ದಾಟಿದ, ಕುತೂಹಲ ತುಂಬಿದ ಮಕ್ಕಳು ಇನ್ನೂ ಹೆಚ್ಚು ತಿಂಗಳು ಅಂಗನವಾಡಿಯಲ್ಲೇ ಉಳಿಯುತ್ತಾರೆ. ಮೂರು ವರ್ಷದವರಿಗೆ ಕಾಗಕ್ಕನ ಕಥೆ ಸಾಕು. ಐದೂವರೆ ವರ್ಷದವನಿಗೆ ಅದೇ ಕಥೆಯನ್ನು ತಾನು ತಿರುಗಿ ಕಟ್ಟಿ ಹೇಳುವ, ಚಿತ್ರ ಬರೆಯುವ, ತನ್ನ ಹೆಸರು ಬರೆಯುವ ಅವಕಾಶ ಬೇಕು. ಒಂದೇ ಕೋಣೆಯಲ್ಲಿ ಈ ಎರಡನ್ನೂ ಒಬ್ಬರೇ, ಫೋನನ್ನು ಕೈಯಲ್ಲಿ ಹಿಡಿದು, ಮಾಡಲಾರರು.

ಹಾಗಾಗಿ ಈ ಪ್ರಕರಣದಿಂದ ನಾನು ಮುಂದಿಡುವ ಮೊದಲ ಸಲಹೆ, ಎಲ್‌ಕೆಜಿ–ಯುಕೆಜಿ ಎಂದು ಹೆಸರಿಸಿದ ಪ್ರತಿ ಅಂಗನವಾಡಿಗೂ ಶಾಲಾಪೂರ್ವ ಶಿಕ್ಷಣಕ್ಕೆಂದೇ ಎರಡನೆಯ ಕಾರ್ಯಕರ್ತೆಯನ್ನು ಕೊಡಬೇಕು ಎಂಬುದು. ಅರ್ಧ ದಿನದ ಹುದ್ದೆಯಾದರೂ ಆದೀತು, ಅದೇ ಊರಿನ, ಪಿಯುಸಿ ಓದಿದ ಹೆಣ್ಣುಮಕ್ಕಳಿಗೆ ಅದು ಒಳ್ಳೆಯ ಉದ್ಯೋಗವೂ ಆದೀತು. ಅಲ್ಲಿಯವರೆಗೆ ಬೆಳಗಿನ ಎರಡು ಗಂಟೆಯನ್ನಾದರೂ ಮಕ್ಕಳಿಗೆ ಮೀಸಲಿಡಬೇಕು. ಆ ಹೊತ್ತಿನಲ್ಲಿ ಹಂಚಿಕೆಯಿಲ್ಲ, ಸಭೆಯಿಲ್ಲ, ಕಚೇರಿಯ ಫೋನಿಲ್ಲ ಎಂದು ಇಲಾಖೆಯೇ ಸುತ್ತೋಲೆ ಹೊರಡಿಸಬೇಕು. ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರಿಗೆ ಗೌರವಧನದಲ್ಲಿ ಅದರ ಗುರುತು ಕಾಣಬೇಕು, ಇಲ್ಲದಿದ್ದರೆ ರಾತ್ರಿ ಮನೆಗೆಲಸ ಮುಗಿಸಿ ಓದಿದ್ದಕ್ಕೆ ಅರ್ಥವೇನು?

ಕಳೆದ ತಿಂಗಳು ಆ ತುಮಕೂರಿನ ಕೇಂದ್ರಕ್ಕೆ ಮತ್ತೆ ಹೋಗಿದ್ದೆ. ಪುಷ್ಟಿ ಹಂಚುವುದನ್ನು ಮಧ್ಯಾಹ್ನ ಮೂರರ ನಂತರಕ್ಕೆ ಬದಲಿಸಲು ಟೀಚರ್ ಪ್ರಯತ್ನಿಸಿದ್ದರು. ಎರಡು ವಾರ ನಡೆಯಿತು. ಕೂಲಿಯಿಂದ ಸಂಜೆ ಆರಕ್ಕೆ ಮರಳುವ ತಾಯಂದಿರಿಗೆ ಅದು ಒಗ್ಗಲಿಲ್ಲ, ಅವರು ಮತ್ತೆ ಬೆಳಗ್ಗೆಯೇ ಬರತೊಡಗಿದ್ದರು. ತಪ್ಪು ತಾಯಂದಿರದೂ ಅಲ್ಲ. ನಾನು ಕೂತಿದ್ದಾಗಲೂ ಇಬ್ಬರು ಬಂದರು. ಈ ಸಲ ಸಹಾಯಕಿ ಒಲೆ ಆರಿಸಿ ಬಂದು, ಕೈ ಒರೆಸಿಕೊಂಡು, ಚಾಪೆಯ ಮೇಲೆ ಮಕ್ಕಳ ನಡುವೆ ಕೂತು ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಆ ದಿನ ಹಾಲು ಅರ್ಧ ಗಂಟೆ ತಡವಾಯಿತು.